ಹೋದವರ ಹಿಮ್ಮೇಳ ಕಟ್ಟುವ ಫಾದಿಯಾ

ಬೆಳಗಿನ ಬಾಂಗು ಮುಗಿದ ಮೇಲೆ, ಗ್ಯಾಸ್ ಸಿಲಿಂಡರ್ ಮಾರುವ ಗಾಡಿ ತನ್ನ ರಾಗ ಹಾಕಿಕೊಂಡು ಬೀದಿಗೆ ಬರುವ ಮೊದಲು, ಅಮ್ಮಾನ್ ನಗರದ ಹಾಶ್ಮಿ ಶಮಾಲಿ ಬಡಾವಣೆಯ ಈ ಓಣಿಯಲ್ಲಿ ಒಂದಷ್ಟು ಹೊತ್ತು ಯಾವ ಸದ್ದೂ ಇರುವುದಿಲ್ಲ. ಫಾದಿಯಾ ಅವರ ಕೆಲಸದ ಹೊತ್ತು ಅದು. ಅಡುಗೆಮನೆಯ ಕಟ್ಟೆಯ ಮೇಲಿನ ಸಕ್ಕರೆ ಡಬ್ಬಿ, ಏಲಕ್ಕಿ ಡಬ್ಬಿಗಳನ್ನು ಗೋಡೆಗೆ ಸರಿಸಿ, ಮೂಲೆ ಒಡೆದ ಲ್ಯಾಪ್‌ಟಾಪ್ ಇಟ್ಟುಕೊಳ್ಳುತ್ತಾರೆ. ಹೆಡ್‌ಫೋನಿನ ಒಂದು ಬದಿಯ ಮೆತ್ತೆ ಹರಿದುಹೋಗಿ, ಅಲ್ಲಿಗೆ ಹಳೆಯ ಉಣ್ಣೆಯ ಕಾಲುಚೀಲ ಹೊಲಿದಿದ್ದಾರೆ. ಪಕ್ಕದ ಕೋಣೆಯಲ್ಲಿ ಅತ್ತೆ ಇನ್ನೂ ಮಲಗಿದ್ದಾರೆ. ನಡುವೆ ಬಾಗಿಲಿಲ್ಲ, ಬರೀ ಪರದೆ. ಹಾಗಾಗಿ ಸ್ಪೀಕರ್ ಹಾಕುವ ಮಾತೇ ಇಲ್ಲ.

ಲ್ಯಾಪ್‌ಟಾಪಿನಲ್ಲಿ ಬಣ್ಣದ ಪಟ್ಟಿಗಳು ಒಂದರ ಕೆಳಗೊಂದು ಸಾಲಾಗಿ ನಿಂತಿವೆ. ಹಸಿರು ಊದ್ ವಾದ್ಯದ್ದು, ನೀಲಿ ಪಿಟೀಲಿನದು, ಹಳದಿ ಹೆಂಗಸರ ಚಪ್ಪಾಳೆಯದು. ಫಾದಿಯಾ ಊದ್‌ನ ಒಂದು ತುಣುಕು ಕತ್ತರಿಸಿ ಅದರ ಬಾಲವನ್ನು ಅದರ ತಲೆಗೇ ತಂದು ಜೋಡಿಸುತ್ತಾರೆ. ಮುಗಿದಲ್ಲೇ ಅದು ಮತ್ತೆ ಶುರುವಾಗಬೇಕು, ಶುರುವಾದದ್ದು ಕೇಳುವವರಿಗೆ ತಿಳಿಯಬಾರದು. ಲೂಪ್ ಎಂದರೆ ಇಷ್ಟೇ. ಕಣ್ಣು ಮುಚ್ಚಿ ಕೇಳುತ್ತಾರೆ, ತಲೆಯಾಡಿಸುತ್ತಾರೆ, ಕೂದಲೆಳೆಯಷ್ಟು ಹಿಂದಕ್ಕೆ ಎಳೆದು ಮತ್ತೆ ಕೇಳುತ್ತಾರೆ. ಹೀಗೆ ಕಟ್ಟಿದ ತುಣುಕುಗಳ ಮೇಲೆ ಶುಕ್ರವಾರ, ಇಲ್ಲಿನ ರಜೆಯ ದಿನ, ಒಂದು ಕ್ರೈಸ್ತ ಸಭೆ ನಿಂತು ದೇವರನ್ನು ಹಾಡುತ್ತದೆ.

ಎಲ್ಲ ಪಟ್ಟಿಗಳ ಕೆಳಗೆ ಒಂದು ಕೆಂಪು ಪಟ್ಟಿಯಿದೆ. ಅದು ಮಂಕಾಗಿದೆ. ಮಿಕ್ಕವೆಲ್ಲ ಹಾಡಿನ ಜೊತೆ ಮಿಣುಕುವಾಗ ಅದೊಂದು ಸುಮ್ಮನೆ ಮಲಗಿರುತ್ತದೆ. ಫಾದಿಯಾ ಅವರ ಬೆರಳು ಆಗಾಗ ಅಲ್ಲಿಯವರೆಗೆ ಹೋಗಿ ವಾಪಸು ಬರುತ್ತದೆ.

"ಅದು ಸಲ್ವಾನ್ ಅವರ ದಫ್. ಬಾಯಿ ಮುಚ್ಚಿಸಿದೀನಿ, ಅಳಿಸಿಲ್ಲ," ಎನ್ನುತ್ತಾರೆ, ಪರದೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ.

ಸಲ್ವಾನ್ ಫಾದಿಯಾ ಅವರ ಗಂಡ. ಬರುವ ಶುಕ್ರವಾರಕ್ಕೆ ಅವರು ತೀರಿಕೊಂಡು ವರ್ಷ ತುಂಬುತ್ತದೆ. ಈ ಒಂದು ವರ್ಷ ಅವರ ದಫ್, ಅಂದರೆ ಕೈತಮಟೆ, ಸಭೆಯಲ್ಲಿ ಕೇಳಿಲ್ಲ. ವರ್ಷದ ಪ್ರಾರ್ಥನೆ ಆದ ಮೇಲೆ ಸಾವಿನ ಮನೆಯವರು ಕಪ್ಪು ಬಟ್ಟೆ ತೆಗೆಯುತ್ತಾರೆ, ಮನೆಯೊಳಗೆ ಮತ್ತೆ ವಾದ್ಯ ನುಡಿಯುತ್ತದೆ. ಇರಾಕಿನ ಬಗ್‌ದೇದಾ ಊರಿನವರ ರೂಢಿ ಅದು. ಆ ದಿನವಾದರೂ ಕೆಂಪು ಪಟ್ಟಿ ತೆರೆದೀತೇ ಎಂದು ಸಭೆ ಕಾಯುತ್ತಿದೆ. ಎಲ್ಲರಿಗಿಂತ ಹೆಚ್ಚಾಗಿ ಫಾದಿಯಾ ಕಾಯುತ್ತಿದ್ದಾರೆ. ಹೂಂ ಎನ್ನಬೇಕಾದವರು ಸಲ್ವಾನ್ ಅವರ ತಾಯಿ. ಅವರು ಇನ್ನೂ ಬಾಯಿ ಬಿಟ್ಟಿಲ್ಲ.

ಫಾದಿಯಾ ಅವರಿಗೆ ಈಗ ನಲವತ್ತು ದಾಟಿದೆ. ಬಗ್‌ದೇದಾದಲ್ಲಿ ಶಿಶುವಿಹಾರದ ಟೀಚರ್ ಆಗಿದ್ದರು, ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ಸಲ್ವಾನ್ ಕಾರುಗಳ ಏಸಿ ರಿಪೇರಿ ಮಾಡುವವರು. ಊರಿನ ಯಾವ ಮದುವೆಯಾದರೂ ಅವರ ದಫ್ ಇಲ್ಲದೆ ವಧು ಮನೆಯಿಂದ ಹೊರಡುತ್ತಿರಲಿಲ್ಲ. ಬಂದೂಕಿನವರು ಹತ್ತಿರ ಬಂದರೆಂದು ಇಡೀ ಊರು ಖಾಲಿಯಾದ ಆ ಆಗಸ್ಟ್ ರಾತ್ರಿ ಕಾರಿನಲ್ಲಿ ಕೂತವರು ಮೂವರೇ: ಗಂಡ, ಹೆಂಡತಿ, ಅತ್ತೆ. ಕೀಬೋರ್ಡ್ ಹಿಡಿಸಲಿಲ್ಲ. ದಫ್ ಅತ್ತೆಯ ತೊಡೆಯ ಮೇಲೆ ಬಂತು. ರಿಪೇರಿಗೆಂದು ಮೊದಲೇ ಸೀಟಿನ ಕೆಳಗೆ ಬಿದ್ದಿದ್ದ ಲ್ಯಾಪ್‌ಟಾಪ್ ತಾನಾಗೇ ಬಂತು. ಎರ್ಬಿಲ್‌ನಲ್ಲಿ ಚರ್ಚಿನ ಅಂಗಳದಲ್ಲಿ ಮಲಗಿ, ಅಲ್ಲಿಂದ ಅಮ್ಮಾನಿಗೆ ಬಂದು, ಆಸ್ಟ್ರೇಲಿಯಾದ ವೀಸಾ ಕರೆಗೆ ಕಾಯತೊಡಗಿದರು. ಈ ಓಣಿಯಲ್ಲಿ ಇರುವ ಇರಾಕಿನವರೆಲ್ಲ ಕಾಯುವವರೇ. ಇಲ್ಲಿ ದುಡಿಯಲು ಅವರಿಗೆ ಪರವಾನಗಿಯಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದು ಫೋನು ನೋಡುವುದೇ ಒಂದು ಕೆಲಸ.

ಹೊಲಿಗೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವರ ಸಭೆ ಸೇರುತ್ತದೆ. ಪಾಸ್ಟರ್ ಹಿಕ್ಮತ್ ಮೋಸುಲ್ ಕಡೆಯವರು. ಮೊದಮೊದಲು ಅಲ್ಲಿ ವಾದ್ಯದವರಿಗೇನೂ ಕೊರತೆ ಇರಲಿಲ್ಲ. ಊದ್‌ಗೆ ಘಸ್ಸಾನ್, ಪಿಟೀಲಿಗೆ ಇಬ್ಬರು ಅಕ್ಕತಂಗಿಯರು, ಗಿಟಾರಿಗೆ ಮೂರು ಜನ ಜಗಳವಾಡುವವರು. ಆಮೇಲೆ ಫೋನುಗಳು ಬರತೊಡಗಿದವು. ಒಂದು ತಿಂಗಳು ಪಿಟೀಲು ಹೋಯಿತು, ಮತ್ತೊಂದು ತಿಂಗಳು ಗಿಟಾರು. ಸಭೆಯವರು ಚಪ್ಪಾಳೆ ತಟ್ಟಿ, ಅತ್ತು, ಖರ್ಜೂರ ತುಂಬಿದ ಕ್ಲೈಚಾ ಬಿಸ್ಕತ್ತು ಹಂಚಿ ಕಳಿಸಿಕೊಟ್ಟರು. ಮುಂದಿನ ಶುಕ್ರವಾರ ಹಾಡಲು ನಿಂತಾಗ ಪಕ್ಕದಲ್ಲಿ ಏನೋ ಬೋಳು ಬೋಳು.

ಆಗ ಹುಟ್ಟಿಕೊಂಡದ್ದು ಅಮಾನಾ ಇಡುವ ಪದ್ಧತಿ. ಅಮಾನಾ ಎಂದರೆ ನಂಬಿ ಒಪ್ಪಿಸಿದ ವಸ್ತು. ವಿಮಾನದ ದಿನ ಗೊತ್ತಾದವರು ಹೊರಡುವ ಮೊದಲು ತಮ್ಮ ವಾದ್ಯ ಹಿಡಿದು ಫಾದಿಯಾ ಅವರ ಅಡುಗೆಮನೆಗೆ ಬರುತ್ತಾರೆ. ಫಾದಿಯಾ ಕಿಟಕಿಗೆ ಕಂಬಳಿ ಕಟ್ಟಿ, ಫ್ರಿಜ್ ಆರಿಸಿ, ಮೇಲಿನ ಮನೆಯವರಿಗೆ ನೀರಿನ ಪಂಪು ಹಾಕಬೇಡಿ ಎಂದು ಹೇಳಿ ಬಂದು, ಅವರ ವಾದನವನ್ನು ಹಿಡಿದಿಟ್ಟುಕೊಳ್ಳುತ್ತಾರೆ. ನಿಧಾನದ್ದು, ನಡುವಿನದು, ಜೋರಿನದು. ಬಂದವರು ನುಡಿಸಿ, ಚಹಾ ಕುಡಿದು, ಬಾಗಿಲ ಬಳಿ ಬಹಳ ಹೊತ್ತು ನಿಂತು, ಹೋಗುತ್ತಾರೆ. ಅವರು ಮೆಲ್ಬರ್ನಿನಲ್ಲೋ ಟೊರಾಂಟೋದಲ್ಲೋ ಇಳಿಯುವಷ್ಟರಲ್ಲಿ ಇಲ್ಲಿ ಅವರ ಕೈ ಹಾಡಿನೊಳಗೆ ಸೇರಿಕೊಂಡಿರುತ್ತದೆ.

ಅಮಾನಾ ಇಟ್ಟವರ ಫೈಲು ಬೇಗ ಸರಿಯುತ್ತದೆ ಎಂದು ಯಾರೋ ಹಬ್ಬಿಸಿದರು. ಆಮೇಲೆ ವಾದ್ಯದ ಗಂಧವೇ ಇಲ್ಲದವರೂ ಬರತೊಡಗಿದರು. ಒಬ್ಬ ಕ್ಷೌರಿಕ ಬಂದು ತನ್ನ ಆಮೆನ್ ಒಂದನ್ನಾದರೂ ಹಿಡಿದಿಟ್ಟುಕೋ ಎಂದು ಕೂತ. ಒಬ್ಬ ಹೆಂಗಸು ಮದುವೆಯಲ್ಲಿ ಹಾಕುವ ನಾಲಿಗೆಯ ಕೂಗು ಹಾಕಿ ಹೋದಳು. ಅವಳಿಗೆ ಮುಂದಿನ ತಿಂಗಳೇ ಕರೆ ಬಂದುಬಿಟ್ಟಿತು. ಆ ತಿಂಗಳು ಫಾದಿಯಾ ಅವರ ಮೆಟ್ಟಿಲಲ್ಲಿ ಸಾಲು ನಿಂತಿತ್ತು.

ಸಲ್ವಾನ್ ನಗುತ್ತಿದ್ದರಂತೆ. "ಹಾಗಾದ್ರೆ ಎಲ್ಲರಿಗಿಂತ ಮೊದಲು ಹೋಗ್ಬೇಕಾದೋನು ನಾನೇ ಅಲ್ವಾ? ನಂದು ಊರಲ್ಲಿದ್ದಾಗ್ಲೇ ಇಟ್ಟಾಗಿದೆ," ಎನ್ನುತ್ತಿದ್ದರಂತೆ.

ನಿಜವೇ. ಲ್ಯಾಪ್‌ಟಾಪ್ ಹೊಸತಾಗಿದ್ದಾಗ, ಬಗ್‌ದೇದಾದ ಮನೆಯ ಮಾಳಿಗೆಯಲ್ಲಿ, ಹೆಂಡತಿಗೆ ಆಟವಾಡಲು ಇರಲಿ ಎಂದು ಸಲ್ವಾನ್ ಒಂದು ಮಧ್ಯಾಹ್ನವಿಡೀ ದಫ್ ಬಾರಿಸಿದ್ದರು. ತನಗೆ ಗೊತ್ತಿದ್ದ ತಾಳವೆಲ್ಲ ಬಾರಿಸಿದ್ದರು. ಆಮೇಲೆ ಅಮ್ಮಾನಿನಲ್ಲಿ ಅಮಾನಾ ಇಡಲು ಬಂದವರಿಗೆಲ್ಲ ಫಾದಿಯಾ ಕಿವಿಗೆ ಕೊಟ್ಟದ್ದು ಅದನ್ನೇ. ಸಲ್ವಾನ್ ಅವರ ದಫ್ ಕೇಳುತ್ತ ಘಸ್ಸಾನ್ ಊದ್ ನುಡಿಸಿದ, ಅಕ್ಕತಂಗಿಯರು ಪಿಟೀಲು ಎಳೆದರು, ಹೆಂಗಸರು ಚಪ್ಪಾಳೆ ಹಾಕಿದರು. ಮನೆ ಕಟ್ಟುವವರು ಮೊದಲು ನೆಲ ಹಾಕಿಕೊಳ್ಳುವಂತೆ ಎಲ್ಲರ ಕೆಳಗೂ ಆ ದಫ್ ಇತ್ತು.

ಕೆಲಸದ ಬಗ್ಗೆ ಕೇಳಿದರೆ ಫಾದಿಯಾ ಹೆಚ್ಚು ಹೇಳುವುದಿಲ್ಲ. ಎಲ್ಲ ವಾದ್ಯವನ್ನೂ ಒಟ್ಟಿಗೆ ಸುರಿದರೆ ಹಾಡುವವರಿಗೆ ನಿಲ್ಲಲು ಜಾಗ ಇರುವುದಿಲ್ಲ ಎನ್ನುತ್ತಾರೆ. ಮೊದಲ ಚರಣಕ್ಕೆ ಬೆನ್ನ ಹಿಂದೆ ಹೊಗೆಯಂಥ ಒಂದು ಉದ್ದನೆಯ ನಾದ ಮಾತ್ರ. ಎರಡನೆಯದಕ್ಕೆ ಊದ್ ಮೆಲ್ಲಗೆ ಬಂದು ಪಕ್ಕದಲ್ಲಿ ಕೂರುತ್ತದೆ. ಪಲ್ಲವಿಗೆ ದಫ್. ಕೊನೆಯಲ್ಲಿ ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಿಬಿಡುತ್ತಾರೆ. ಆಗ ಜನ ತಮ್ಮ ದನಿಯನ್ನು ತಾವೇ ಕೇಳಿಸಿಕೊಂಡು ಒಂದು ಕ್ಷಣ ಬೆಚ್ಚುತ್ತಾರೆ. "ಆ ಒಂದು ಕ್ಷಣಕ್ಕೋಸ್ಕರ ಇಷ್ಟೆಲ್ಲ," ಎನ್ನುತ್ತಾರೆ.

ತಪ್ಪೂ ಆಗಿದೆ. ಜೊರ್ಜಿನಾ ಇರಾಕಿನವರ ಹತ್ತು ಪೆಟ್ಟಿನ ತಾಳ, ಅಲ್ಲಿನ ಮಕ್ಕಳು ನಡೆಯುವುದೇ ಆ ಹತ್ತರ ಮೇಲೆ. ಲ್ಯಾಪ್‌ಟಾಪಿಗೆ ಎಂಟರ ಲೆಕ್ಕವೇ ಇಷ್ಟ. ಒಮ್ಮೆ ಅವಸರದಲ್ಲಿ ಫಾದಿಯಾ ಅದು ಹೇಳಿದ ಕಡೆ ಕತ್ತರಿಸಿದ್ದರು. ಶುಕ್ರವಾರ ಹಾಡು ಶುರುವಾದದ್ದೇ ಕುಂಟತೊಡಗಿತು. ಮುಂದಿನ ಸಾಲಿನ ಮುದುಕಿಯರು ಬಿಡಲಿಲ್ಲ, ತಮ್ಮ ಹತ್ತನ್ನು ತಾವು ತಟ್ಟಿದರು. ಯಂತ್ರ ಒಂದು ಕಡೆ, ಮುದುಕಿಯರು ಒಂದು ಕಡೆ. ಕಡೆಗೆ ಪಾಸ್ಟರ್ ಲ್ಯಾಪ್‌ಟಾಪ್ ಮುಚ್ಚಿದರು, ಮುದುಕಿಯರು ಹಾಡು ಮುಗಿಸಿದರು. ಅತ್ತೆ ಹೊರಗೆ ಮೆಟ್ಟಿಲ ಮೇಲೆ ನಿಂತು ಬಂದವರಿಗೆಲ್ಲ ಹೇಳಿದರಂತೆ: "ನಮ್ಮ ಸೊಸೆ ಎರಡು ಪೆಟ್ಟು ಕದ್ದಿದಾಳೆ ಕಣ್ರಮ್ಮ. ಹಿಟ್ಟಿನ ಡಬ್ಬೀಲಿ ಬಚ್ಚಿಟ್ಟಿರ್ತಾಳೆ, ಹೋಗಿ ಹುಡುಕ್ತೀನಿ."

ಅತ್ತೆಯನ್ನು ಊರಿನವರೆಲ್ಲ ಕರೆಯುವುದು ಉಮ್ ಸಲ್ವಾನ್ ಎಂದು, ಸಲ್ವಾನನ ತಾಯಿ ಎಂದು. ಬೇರೆ ಹೆಸರಿನಿಂದ ಅವರನ್ನು ಕರೆದವರಿಲ್ಲ. ಮಾತು ಖಾರ, ಕೈ ಧಾರಾಳ. ಸೊಸೆಯ ಕೆಲಸ ಅವರಿಗೆ ಎಂದೂ ಅರ್ಥವಾಗಿಲ್ಲ. ಒಂದೇ ತುಣುಕನ್ನು ಬೆಳಗಿನಿಂದ ಕೇಳುವ ಸೊಸೆಯನ್ನು ತೋರಿಸಿ, ನೋಡಿ ಇವಳು ಇಡೀ ದಿನ ಒಂದೇ ಪಾತ್ರೆ ತೊಳೆಯುತ್ತಾಳೆ ಎನ್ನುತ್ತಿದ್ದರು. ಆದರೆ ಸೊಸೆ ಹೆಡ್‌ಫೋನ್ ಹಾಕಿ ಕೂತಾಗ ಅವಳ ಕೈಯಳತೆಯಲ್ಲಿ ಚಹಾದ ಇಸ್ತಿಕಾನ್ ಲೋಟ ತಂದಿಟ್ಟು, ಸದ್ದಾಗದಂತೆ ಚಮಚ ಮಾತ್ರ ತೆಗೆದುಕೊಂಡು ಹೋಗುತ್ತಿದ್ದವರೂ ಅವರೇ.

ಫಾದಿಯಾ ಕಟ್ಟಿದ ಹಿಮ್ಮೇಳ ಈಗ ಎಲ್ಲೆಲ್ಲೋ ಇದೆ. ಸಿಡ್ನಿಯ ಒಂದು ಬಾಡಿಗೆ ಹಾಲ್, ಸ್ವೀಡನ್ನಿನ ಒಂದು ಊರಿನ ನೆಲಮಾಳಿಗೆ, ಬಸ್ರಾದಲ್ಲಿ ಒಂದು ಮನೆಯ ಹಜಾರ. ವಾದ್ಯದವರಿಲ್ಲದ ಬಗ್‌ದೇದಾದ ಜನ ಎಲ್ಲಿ ಸೇರಿದರೂ ಯಾರೋ ಒಬ್ಬರು ಫೋನ್ ತೆಗೆದು ಸ್ಪೀಕರಿಗೆ ಚುಚ್ಚುತ್ತಾರೆ. ಅದು ಯಾರ ಕೆಲಸ ಎಂದು ಬಹಳ ಮಂದಿಗೆ ಗೊತ್ತಿಲ್ಲ. ಅಮ್ಮಾನಿನ ಸಭೆಗೆ ಹೊಸದಾಗಿ ಬಂದ ಒಬ್ಬ ಮುದುಕ ಹಾಡು ಮುಗಿದ ಮೇಲೆ ವೇದಿಕೆಯ ಪರದೆ ಎತ್ತಿ ವಾದ್ಯದವರನ್ನು ಹುಡುಕಿದ್ದನಂತೆ, ಕೈ ಕುಲುಕಲು. ಹಿಂದೆ ಮಡಿಸಿಟ್ಟ ಕುರ್ಚಿಗಳಿದ್ದವು.

ಕಳೆದ ಚಳಿಗಾಲದಲ್ಲಿ ಸಲ್ವಾನ್ ಗ್ಯಾಸ್ ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಮೇಲಿನ ತಿರುವಿನಲ್ಲಿ ಸಿಲಿಂಡರನ್ನು ನಿಧಾನವಾಗಿ ಕೆಳಗಿಟ್ಟರು, ಅದರ ಪಕ್ಕದಲ್ಲಿ ಕೂತರು. ಬಾಗಿಲು ತೆರೆದು ನಿಂತಿದ್ದ ತಾಯಿ, ಇಷ್ಟಕ್ಕೇ ಸುಸ್ತಾಯ್ತೇನೋ ಎಂದು ನಗುತ್ತ ಕೇಳಿದರು. ಉತ್ತರ ಬರಲಿಲ್ಲ. ಡಾಕ್ಟರು ಹೃದಯ ಎಂದರು. ಬುಧವಾರ ಮಣ್ಣು ಮಾಡಿದರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ವಾದ್ಯ ಮುಟ್ಟುವುದಿಲ್ಲ. ಅಕ್ಕಪಕ್ಕದವರು ಊಟ ತಂದರು. ಗೋಡೆಯ ಮೇಲಿದ್ದ ದಫ್‌ಗೆ ಉಮ್ ಸಲ್ವಾನ್ ತಮ್ಮ ತಲೆವಸ್ತ್ರವನ್ನೇ ಹೊದಿಸಿದರು.

ಶುಕ್ರವಾರ ಸಭೆಗೆ ಹೋಗಲೇಬೇಕೆಂದು ಅತ್ತೆಯೇ ಹಟ ಹಿಡಿದರು. ಇಬ್ಬರೂ ಕಪ್ಪುಟ್ಟು ಮುಂದಿನ ಸಾಲಿನಲ್ಲಿ ಕೂತರು. ಪಾಸ್ಟರ್ ಸಲ್ವಾನ್ ಅವರ ಹೆಸರು ಹೇಳಿ ಪ್ರಾರ್ಥಿಸಿದರು. ಆಮೇಲೆ, ವಾರವಾರದ ಅಭ್ಯಾಸದಂತೆ, ಲ್ಯಾಪ್‌ಟಾಪಿನ ಬಳಿ ಕೂತವರು ಗುಂಡಿ ಒತ್ತಿದರು. ವಾದ್ಯದವರು ಬರಬಾರದೆಂದು ಯಾರಿಗೂ ಹೇಳಿ ಕಳಿಸಬೇಕಾಗಿರಲಿಲ್ಲ, ಏಕೆಂದರೆ ವಾದ್ಯದವರು ಇರಲೇ ಇಲ್ಲ. ಹಾಗಾಗಿ ಯಾರಿಗೂ ಹೊಳೆಯಲಿಲ್ಲ. ಫಾದಿಯಾ ಅವರಿಗೂ ಹೊಳೆಯಲಿಲ್ಲ. ಮೊದಲ ಚರಣ ದಾಟಿತು, ಎರಡನೆಯದರಲ್ಲಿ ಊದ್ ಬಂತು. ಪಲ್ಲವಿಗೆ, ಮೊನ್ನೆ ಮಣ್ಣಾದವನ ಕೈ ಆ ಹಾಲ್‌ನಲ್ಲಿ ಗಟ್ಟಿಯಾಗಿ, ಲವಲವಿಕೆಯಿಂದ ದಫ್ ಬಾರಿಸತೊಡಗಿತು.

ಉಮ್ ಸಲ್ವಾನ್ ಎದ್ದು ನಿಂತರು. ಮಗ ಬಂದನೆಂಬಂತೆ ಒಮ್ಮೆ ಬಾಗಿಲ ಕಡೆ ತಿರುಗಿದರಂತೆ. ಆಮೇಲೆ ಅತ್ತೆ ಸೊಸೆಯ ಕಡೆ ತಿರುಗಿ ಕೇಳಿದ್ದು ಒಂದೇ ಮಾತು.

"ಆ ಕೈನ ನಾನು ಎದೆ ಮೇಲೆ ಮಡಚಿಟ್ಟು ಬಂದಿದೀನಿ. ನೀನು ಇಲ್ಲಿ ಕೂಲಿಗೆ ಹಚ್ಚಿದೀಯಲ್ಲೇ."

ಅವತ್ತೇ ಫಾದಿಯಾ ಎಲ್ಲ ಹಾಡುಗಳ ಕೆಂಪು ಪಟ್ಟಿ ಮುಚ್ಚಿದರು. ಒಂದೊಂದಾಗಿ ತೆರೆದು, ದಫ್ ಬರುವ ಮೊದಲೇ ಸದ್ದು ಕಿತ್ತು, ಮತ್ತೆ ಮುಚ್ಚಿದರು. ದಫ್ ಇಲ್ಲದ ಹಾಡು ಕೇಳಿದಾಗ ಅವರಿಗೆ ಇನ್ನೊಂದು ತಿಳಿಯಿತು. ಮಿಕ್ಕವರೆಲ್ಲ ಆ ದಫ್‌ಗೆ ಒರಗಿ ನುಡಿಸಿದ್ದವರು. ಅದನ್ನು ತೆಗೆದ ಮೇಲೆ ಊದ್ ಒಂದು ಕಡೆ ಜಾರಿತು, ಪಿಟೀಲು ಇನ್ನೊಂದು ಕಡೆ.

"ಘಸ್ಸಾನ್ ನುಡಿಸ್ತಾನೇ ಇದಾನೆ, ಆದ್ರೆ ಯಾರದೋ ಮುಖ ನೋಡ್ಕೊಂಡು ನುಡಿಸೋ ಹಾಗಿದೆ," ಎನ್ನುತ್ತಾರೆ ಫಾದಿಯಾ. "ಅವನು ನೋಡೋ ಕಡೆ ಯಾರೂ ಇಲ್ಲ."

ದಫ್ ಇದ್ದ ಜಾಗಕ್ಕೆ ಗಡಿಯಾರದಂಥ ಒಂದು ಸಣ್ಣ ಟಿಕ್ ಹಾಕಿದ್ದಾರೆ. ಹಾಡು ದಾರಿ ತಪ್ಪದಷ್ಟು ಮಾತ್ರ. ವರ್ಷವಿಡೀ ಸಭೆ ಆ ಟಿಕ್ಕಿನ ಮೇಲೆ ಹಾಡಿದೆ. ಜನ ಬೇಸರ ತೋರಿಸಲಿಲ್ಲ, ಆದರೆ ಕೊನೆಯ ಸಾಲಿನವರು ಚಪ್ಪಾಳೆ ತಟ್ಟುವುದನ್ನು ಬಿಟ್ಟುಬಿಟ್ಟರು. ಮನೆಯಲ್ಲೂ ಅಷ್ಟೇ. ಅತ್ತೆ ಚಹಾ ತಂದಿಡುವುದು ನಿಂತಿದೆ. ಪಾತ್ರೆ ತೊಳೆಯುವ ಹಾಸ್ಯವೂ ನಿಂತಿದೆ. ಆಸ್ಟ್ರೇಲಿಯಾದ ಫೈಲು ಸಲ್ವಾನ್ ಅವರ ಹೆಸರಿನಲ್ಲಿತ್ತು. ಅವರು ಹೋದ ಮೇಲೆ ಅದು ಮತ್ತೆ ಮೊದಲ ಮೆಟ್ಟಿಲಿಗೆ ಬಂದು ಕೂತಿದೆ.

ಒಂದನ್ನು ಮಾತ್ರ ಫಾದಿಯಾ ಅತ್ತೆಗೆ ಹೇಳಿರಲಿಲ್ಲ. ಇಲ್ಲಿನ ಲ್ಯಾಪ್‌ಟಾಪಿನಲ್ಲಿ ಮುಚ್ಚಿದ್ದು ಇಲ್ಲಿಗಷ್ಟೇ. ಸಿಡ್ನಿಗೆ, ಸ್ವೀಡನ್ನಿಗೆ, ಬಸ್ರಾಕ್ಕೆ ಮೊದಲೇ ಕಳಿಸಿದ್ದ ಹಾಡುಗಳನ್ನು ವಾಪಸು ಕರೆಯಲು ಬರುವುದಿಲ್ಲ. ಅಲ್ಲೆಲ್ಲ ವಾರವಾರವೂ ಸಲ್ವಾನ್ ಬಾರಿಸುತ್ತಲೇ ಇದ್ದರು. ಹಾಕಬೇಡಿ ಎಂದು ಬರೆಯಲು ಫಾದಿಯಾ ಎಷ್ಟೋ ಸಲ ಫೋನ್ ತೆಗೆದು, ಎಷ್ಟೋ ಸಲ ಇಟ್ಟಿದ್ದಾರೆ. ಬರೆಯಲಿಲ್ಲ. "ಎಲ್ಲೋ ಒಂದು ಕಡೆ ಇರ್ಲಿ ಅನ್ನಿಸ್ತು. ಮೋಸ ಅಂತ ಗೊತ್ತಿತ್ತು," ಎನ್ನುತ್ತಾರೆ.

ವರ್ಷದ ಪ್ರಾರ್ಥನೆಯ ವಾರ ಪಾಸ್ಟರ್ ಹಿಕ್ಮತ್ ಇಬ್ಬರು ಹಿರಿಯ ಹೆಂಗಸರನ್ನು ಕರೆದುಕೊಂಡು ಮನೆಗೆ ಬರುತ್ತಾರೆ. ಉಮ್ ಸಲ್ವಾನ್ ಸಾವಿನ ಮನೆಯಲ್ಲಿ ಕೊಡುವ ಸಕ್ಕರೆಯಿಲ್ಲದ ಕಾಫಿ ಕೊಡುತ್ತಾರೆ. ಪಾಸ್ಟರ್ ಹವೆಯ ಬಗ್ಗೆ, ನೀರಿನ ಬಗ್ಗೆ, ತಮ್ಮ ಮೊಣಕಾಲಿನ ಬಗ್ಗೆ ಮಾತಾಡಿ ಸುತ್ತು ಹಾಕಿ ವಿಷಯಕ್ಕೆ ಬರುತ್ತಾರೆ. ವರ್ಷ ತುಂಬಿತು, ಕಪ್ಪು ತೆಗೆಯಬೇಕು, ದಫ್ ಮತ್ತೆ ಕೇಳಿದರೆ ಎಲ್ಲರಿಗೂ ಸಮಾಧಾನ. ಹೆಂಗಸರು ಹೌದು ಹೌದು ಎನ್ನುತ್ತಾರೆ. ಉಮ್ ಸಲ್ವಾನ್ ಮೂವರ ಲೋಟಗಳಿಗೂ ಮತ್ತೆ ಕಾಫಿ ಬಗ್ಗಿಸುತ್ತಾರೆ.

"ಪಾಸ್ಟರೇ, ನಿಮ್ಮ ಮೊಣಕಾಲಿಗೆ ಆಲಿವ್ ಎಣ್ಣೆ ಬಿಸಿ ಮಾಡಿ ಹಚ್ಚಿ," ಎನ್ನುತ್ತಾರೆ. ಅಷ್ಟೇ.

ಮೂವರೂ ಕಾಫಿ ಮುಗಿಸಿ ಎದ್ದು ಹೋಗುತ್ತಾರೆ.

ಮರುದಿನ ಸಿಡ್ನಿಯಿಂದ ಒಂದು ವಿಡಿಯೋ ಬರುತ್ತದೆ. ಕಳಿಸಿದವಳು ಉಮ್ ಸಲ್ವಾನ್ ಅವರ ತಂಗಿಯ ಮಗಳು ರನೀನ್. ಅವಳ ಕೂಸಿನ ದೀಕ್ಷಾಸ್ನಾನ. ಉಮ್ ಸಲ್ವಾನ್ ಕಿಟಕಿಯ ಬಳಿ ಕೂತು, ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಾರೆ. ಕೂಸು ಅಳುತ್ತದೆ, ಇವರು ನಗುತ್ತಾರೆ. ಅಪ್ಪನ ಕಿವಿ ಬಂದಿದೆ ಪಾಪ ಎನ್ನುತ್ತಾರೆ. ಅಲ್ಲಿ ಹಾಡು ಶುರುವಾಗುತ್ತದೆ. ಅಡುಗೆಮನೆಯಲ್ಲಿ ಬುರ್ಗುಲ್ ಗೋಧಿನುಚ್ಚು ತೊಳೆಯುತ್ತಿದ್ದ ಫಾದಿಯಾ ಅವರ ಕೈ ನೀರಿನೊಳಗೇ ನಿಲ್ಲುತ್ತದೆ. ಆ ಹಾಡು ಅವರೇ ಕಟ್ಟಿದ್ದು. ಮುಂದೆ ಏನು ಬರುತ್ತದೆ ಎಂದು ಅವರಿಗೆ ಗೊತ್ತು.

ಉಮ್ ಸಲ್ವಾನ್ ಅವರ ಬಲಗೈ ಮಂಡಿಯ ಮೇಲೆ ಹತ್ತರ ತಾಳ ತಟ್ಟತೊಡಗಿದೆ, ಅವರಿಗೆ ಅರಿವಿಲ್ಲದೆ. ಎರಡು ಸುತ್ತು ತಟ್ಟುತ್ತದೆ. ಮೂರನೆಯ ಸುತ್ತಿನ ನಡುವೆ ನಿಂತುಹೋಗುತ್ತದೆ.

"ಇದು ಯಾರ ಕೈಯೇ?" ಎಂದು ಕೇಳುತ್ತಾರೆ.

ಫಾದಿಯಾ ಒದ್ದೆ ಕೈಯಲ್ಲೇ ಬಂದು ಪರದೆಯ ಬಳಿ ನಿಲ್ಲುತ್ತಾರೆ. ಎಲ್ಲ ಹೇಳುತ್ತಾರೆ. ಮೊದಲೇ ಕಳಿಸಿದ್ದು, ತಡೆಯಬಹುದಿತ್ತೇನೋ, ತಡೆಯಲಿಲ್ಲ, ಸಿಡ್ನಿ ಒಂದೇ ಅಲ್ಲ, ಇನ್ನೂ ಬೇರೆ ಕಡೆಯೂ. ಬೈಗುಳಕ್ಕೆ ಕಾದು ನಿಲ್ಲುತ್ತಾರೆ. ಅತ್ತೆ ಬೈಯುವುದಿಲ್ಲ. ವಿಡಿಯೋವನ್ನು ಮತ್ತೆ ಮೊದಲಿನಿಂದ ಹಾಕುತ್ತಾರೆ. ಈ ಸಲ ಕೂಸನ್ನು ನೋಡುವುದಿಲ್ಲ, ಫೋನನ್ನು ಕಿವಿಗೆ ಒತ್ತಿಕೊಳ್ಳುತ್ತಾರೆ.

"ಎಷ್ಟು ಜನ ಇದಾರೆ ಅಲ್ಲಿ?"

"ತುಂಬಾ ಜನ ಅತ್ತೆ. ಹಾಲ್ ತುಂಬಿದೆ."

"ಎಲ್ಲಾ ನಮ್ಮೂರೋರೇನಾ?"

"ನಮ್ಮೂರೋರೇ."

ಉಮ್ ಸಲ್ವಾನ್ ಫೋನನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. "ಹಾಗಾದ್ರೆ ತಲುಪಿದಾನೆ," ಎನ್ನುತ್ತಾರೆ ಆಮೇಲೆ. "ನಮ್ಮಿಬ್ಬರನ್ನ ಇಲ್ಲಿ ಕೂರಿಸಿ, ತಾನು ಹೋಗಿ ತಲುಪಿದಾನೆ."

ಫಾದಿಯಾ ಕೆಳಗೆ ಕೂತು ಅತ್ತೆಯ ಮಂಡಿಯ ಮೇಲೆ ಕೈಯಿಡುತ್ತಾರೆ. ವರ್ಷದಲ್ಲಿ ಮೊದಲ ಸಲ, ಪಾಸ್ಟರ್ ಮೂಲಕ ಅಲ್ಲದೆ, ತಾವೇ ಕೇಳುತ್ತಾರೆ. ಶುಕ್ರವಾರ ಒಂದು ಹಾಡಿಗಾದರೂ ತೆರೆಯಲೇ ಎಂದು.

ಅತ್ತೆ ಸೊಸೆಯ ಒದ್ದೆ ಕೈಯನ್ನು ತಮ್ಮ ಕಪ್ಪು ತಲೆವಸ್ತ್ರದ ತುದಿಯಿಂದ ಒರೆಸುತ್ತಾರೆ, ಒಂದೊಂದೇ ಬೆರಳು.

"ಅಲ್ಲಿ ಬಾರಿಸ್ಲಿ ಮಗಳೇ. ಎಷ್ಟು ಬೇಕಾದ್ರೂ ಬಾರಿಸ್ಲಿ. ಅಲ್ಲಿ ಅವನನ್ನ ಮಣ್ಣು ಮಾಡಿದ್ದನ್ನ ಯಾರೂ ನೋಡಿಲ್ಲ. ಇಲ್ಲಿ ನಾನು ನೋಡಿದೀನಿ. ಇಲ್ಲಿ ಬೇಡ."

ಶುಕ್ರವಾರ ಹೊಲಿಗೆ ಅಂಗಡಿಯ ಮೇಲಿನ ಹಾಲ್ ತುಂಬಿದೆ. ನಿಂತವರೂ ಇದ್ದಾರೆ. ಸಲ್ವಾನ್ ಅವರ ಫೋಟೋ ಮುಂದೆ ಇಟ್ಟು ಮೇಣದಬತ್ತಿ ಹಚ್ಚಿದ್ದಾರೆ. ಉಮ್ ಸಲ್ವಾನ್ ಕಪ್ಪಿನಲ್ಲೇ ಬಂದಿದ್ದಾರೆ, ತೆಗೆಯುವುದಿಲ್ಲವೆಂದು ಮುಖ ನೋಡಿದವರಿಗೇ ತಿಳಿಯುತ್ತದೆ. ಪಾಸ್ಟರ್ ಫಾದಿಯಾ ಅವರ ಕಡೆ ಒಮ್ಮೆ ನೋಡುತ್ತಾರೆ. ಹಿಂದಿನ ಮೂಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತ ಫಾದಿಯಾ ಇಲ್ಲವೆಂದು ತಲೆಯಾಡಿಸುತ್ತಾರೆ. ಹಾಡು ಶುರುವಾಗುತ್ತದೆ. ಹೊಗೆಯಂಥ ನಾದ, ಆಮೇಲೆ ಊದ್. ಪಲ್ಲವಿ ಬರುವಾಗ ಇಡೀ ಸಭೆ ಉಸಿರು ಹಿಡಿದಂತಿದೆ. ಟಿಕ್ ಟಿಕ್ ಎಂದು ಆ ಸಣ್ಣ ಸದ್ದು ಮಾತ್ರ ಬರುತ್ತದೆ. ಕೆಲವರು ತಲೆ ತಗ್ಗಿಸುತ್ತಾರೆ. ಹಾಡು ನಿಲ್ಲುವುದಿಲ್ಲ.

ಈಗ ಫಾದಿಯಾ ಪ್ರತಿ ಹಾಡನ್ನೂ ಎರಡು ಮಾಡುತ್ತಾರೆ. ದಫ್ ಇರುವುದೊಂದು, ಹೊರಗಿನವರಿಗೆ. ಇಲ್ಲದ್ದೊಂದು, ಇಲ್ಲಿಗೆ. ಕೆಲಸ ಇಮ್ಮಡಿಯಾಗಿದೆ. ಗ್ಯಾಸ್ ಗಾಡಿ ಬಂದು ಹೋದ ಮೇಲೂ ಮುಗಿದಿರುವುದಿಲ್ಲ. ಮುಖ ತೊಳೆದು ಬರುವ ಅತ್ತೆ, ಈ ವಾರ ಎಲ್ಲೆಲ್ಲಿ ಬಾರಿಸುತ್ತಾನೆ ಎಂದು ಕೇಳುತ್ತಾರೆ. ಫಾದಿಯಾ ಊರುಗಳ ಹೆಸರು ಹೇಳುತ್ತಾರೆ. ಅಲ್ಲಿ ಈಗ ಚಳಿಯೇ ಸೆಕೆಯೇ ಎಂದು ವಿಚಾರಿಸಿಕೊಂಡು ಅತ್ತೆ ಚಹಾಕ್ಕೆ ನೀರಿಡುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ ಫಾದಿಯಾ ಹೆಡ್‌ಫೋನ್ ತೆಗೆದು ಕೆಳಗಿಡುತ್ತಾರೆ. ವೀಸಾ ಎನ್ನುವುದಿಲ್ಲ, ಹೊಸ ಲ್ಯಾಪ್‌ಟಾಪ್ ಎನ್ನುವುದಿಲ್ಲ.

"ಒಂದೇ ಒಂದ್ಸಲ ಅವರ ದಫ್‌ನ ನಮ್ಮ ಹಾಲ್‌ನಲ್ಲಿ, ಜನರ ನಡುವೆ ಕೂತು, ಗಟ್ಟಿಯಾಗಿ ಕೇಳ್ಬೇಕು. ಬರೀ ಕಿವಿಯೊಳಗೆ ಕೇಳಿ ಕೇಳಿ, ಅವರು ನನ್ನ ತಲೆಯೊಳಗೆ ಮಾತ್ರ ಇದ್ದರೇನೋ ಅನ್ನಿಸೋಕೆ ಶುರುವಾಗಿದೆ." ಪಕ್ಕದ ಕೋಣೆಯಲ್ಲಿ ಅತ್ತೆ ಮಗ್ಗುಲು ಬದಲಿಸಿದ ಸದ್ದಾಗುತ್ತದೆ. ಫಾದಿಯಾ ಅದನ್ನು ಆಲಿಸಿ, ಹೆಡ್‌ಫೋನನ್ನು ಮತ್ತೆ ತಲೆಗೇರಿಸುತ್ತ ಹೇಳುತ್ತಾರೆ:

"ಅತ್ತೆ ಇರೋವರೆಗೂ ಅದು ಆಗೋ ಮಾತಲ್ಲ. ಹಾಗಾದ್ರೆ ಅದು ಆಗದೇ ಇರ್ಲಿ, ಅವರು ಇರ್ಲಿ."